ಬೆಲ್ಟಿಲ್ಲದ ಮನೆ

ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿದ್ದೇ ತಡ, ಮೊಳೆ ಎಂದು ಎಲ್ಲರೂ ಕರೆಯುವ ಅವನು ಅಂಗಿಯನ್ನು ಪ್ಯಾಂಟಿನ ಮೇಲೆ ಎಳೆದು ಬಿಟ್ಟುಕೊಂಡ. ಬೆಲ್ಟು ಕಾಣಬಾರದು. ಐವತ್ತು ದಾಟಿದ ಗಂಡಸು ಹೀಗೆ ಮತ್ತೆ ಮತ್ತೆ ಅಂಗಿಯ ತುದಿ ಜಗ್ಗಿಕೊಳ್ಳುವುದನ್ನು ಕಂಡು ಪಕ್ಕದ ಸೀಟಿನ ಹೆಂಗಸು ಕಿಟಕಿಯ ಕಡೆಗೆ ಸರಿದು ಕೂತಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಸೊಂಟ ಮುಟ್ಟಿ ನೋಡಿಕೊಳ್ಳುತ್ತಿದ್ದ. ಅಪ್ಪನ ಮನೆಗೆ ಬೆಲ್ಟು ಹಾಕಿಕೊಂಡು ಹೋಗುವುದು, ಅದೂ ಇವತ್ತು. ಬೇರೆ ದಾರಿ ಇರಲಿಲ್ಲ. ಹೊಟ್ಟೆಯ ಕಾಯಿಲೆ ಬಂದು ಹೋದ ಮೇಲೆ ಮೈ ಇಳಿದು, ಇದ್ದಬದ್ದ ಪ್ಯಾಂಟುಗಳೆಲ್ಲ ಜಾರತೊಡಗಿದ್ದವು. ಫುಟ್‌ಪಾತಿನಲ್ಲಿ ಕೊಂಡ ಈ ಬೆಲ್ಟಿಗೂ ತೂತು ಸಾಲದೆ, ಸ್ಕ್ರೂಡ್ರೈವರ್ ಕಾಯಿಸಿ ಚುಚ್ಚಿ ಇನ್ನೊಂದು ಮಾಡಿಕೊಂಡಿದ್ದ. ಸುಟ್ಟ ರೆಕ್ಸಿನ್ನಿನ ವಾಸನೆ ಇನ್ನೂ ಬರುತ್ತಿದೆಯೇನೋ ಎಂದು ಅನುಮಾನವಾಗಿ ಕೈ ಮೂಸಿ ನೋಡಿಕೊಂಡ. ಮೊಳೆ ಎನ್ನುವ ಹೆಸರು ಅವನು ಕಿವಿಯಲ್ಲಿ ನಿಜವಾದ ಮೊಳೆ ಸಿಕ್ಕಿಸಿಕೊಂಡು ವೇದಿಕೆ ಹತ್ತುತ್ತಿದ್ದ ಕಾಲದಲ್ಲಿ ಬಂದದ್ದು. ಆ ತೂತು ಮುಚ್ಚಿಕೊಂಡು ಎಷ್ಟೋ ಕಾಲವಾಗಿತ್ತು. ಹೆಸರು ಮಾತ್ರ ಉಳಿದುಕೊಂಡಿತ್ತು.

ಅಪ್ಪನ ಹತ್ತಿರ ಕೇಳಬೇಕಾದದ್ದು ಒಂದೇ ಮಾತು. ನನಗೆ ನೆನಪಿಲ್ಲ ಅಂತ ಹೇಳಿಬಿಡು, ಅಷ್ಟೇ. ಹೊಡೆದೆ ಅನ್ನಬೇಡ, ಹೊಡೆಯಲಿಲ್ಲ ಅನ್ನಬೇಡ, ವಯಸ್ಸಾಯ್ತು, ನೆನಪಿಲ್ಲ. ಇದನ್ನು ಬಸ್ಸು ಹತ್ತುವ ಮೊದಲಿನಿಂದ ಬಾಯಲ್ಲಿ ತಿರುವುತ್ತಿದ್ದ. ಮುದುಕರಿಗೆ ಮರೆವು ಸಹಜ, ಯಾರೂ ತಪ್ಪು ತಿಳಿಯುವುದಿಲ್ಲ. ಸಿನಿಮಾದವಳಿಗೂ ಅದು ಚೆನ್ನಾಗಿಯೇ ಕಾಣಬಹುದು: ಹೊಡೆದ ಕೈಗೆ ಹೊಡೆದದ್ದೇ ನೆನಪಿಲ್ಲ. ಅವಳು ಅವನು ಹಾಡುತ್ತಿದ್ದ ತುಕ್ಕು ಎಂಬ ಬ್ಯಾಂಡಿನ ಬಗ್ಗೆ, ಮೊಳೆಯ ಬಾಳು ಮತ್ತು ಮನೆತನದ ಬಗ್ಗೆ ಸಿನಿಮಾ ತೆಗೆಯುತ್ತಿದ್ದಳು. ನಿಮ್ಮ ಬೆಲ್ಟಿನ ಹಾಡು ಕೇಳಿಕೊಂಡೇ ಬೆಳೆದೆ, ನಮ್ಮಪ್ಪನೂ ಹಾಗೇ ಇದ್ದ ಎಂದು ಮೊದಲ ದಿನ ಹೇಳುವಾಗ ಅವಳ ಕಣ್ಣು ತುಂಬಿತ್ತು. ಮೊಳೆ ಆಗ ಅವಳ ಮುಖ ನೋಡದೆ ಟೇಪ್ ರೆಕಾರ್ಡರನ್ನು ನೋಡುತ್ತ ಕೂತಿದ್ದ. ನಿಮ್ಮ ತಂದೆ ಕ್ಯಾಮೆರಾ ಮುಂದೆ ಕೂರದಿದ್ದರೆ ಸಿನಿಮಾನೇ ಇಲ್ಲ ಎಂದು ಅವಳು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ಸಿನಿಮಾ ಬಂದರೆ ತುಕ್ಕು ಮತ್ತೆ ವೇದಿಕೆ ಹತ್ತುತ್ತದೆ, ಕರೆಯುವವರು ಈಗಾಗಲೇ ಇದ್ದಾರೆ. ಬರದಿದ್ದರೆ ಸಭೆ ಸಮಾರಂಭಗಳಿಗೆ ಸ್ಪೀಕರ್ ಬಾಡಿಗೆ ಕೊಡುವ ಅಂಗಡಿಯ ಕೆಲಸ ಇದ್ದೇ ಇದೆ. ಅಲ್ಲಿನ ಮಾಲೀಕ, ಮೊಳೆಗಿಂತ ಹದಿನೈದು ವರ್ಷ ಚಿಕ್ಕವನು, ಗಿರಾಕಿಗಳ ಮುಂದೆ ಬೇಕೆಂದೇ ಕೂಗುತ್ತಾನೆ: ರಾಕ್‌ಸ್ಟಾರ್, ಆ ವೈರು ಸುತ್ತಿಡಪ್ಪಾ. ಇವನು ಸುತ್ತಿಡುತ್ತಾನೆ. ಅಪ್ಪ ಕ್ಯಾಮೆರಾದ ಮುಂದೆ ಬಾಯಿಬಿಟ್ಟು, ನಾನು ಇವನನ್ನ ಮುಟ್ಟೇ ಇಲ್ಲವಲ್ಲ ಅಂದರೆ ಮುಗಿಯಿತು. ಸಿನಿಮಾ ಮಾತ್ರವಲ್ಲ, ಮೊಳೆ ಎಂಬ ಮನುಷ್ಯನೇ ಮುಗಿದ.

ಯಾಕೆಂದರೆ ಆ ಮನೆಯಲ್ಲಿ ಬೆಲ್ಟೇ ಇರಲಿಲ್ಲ. ಮನೆಯಲ್ಲಿ ವಿಮಾನ ಇರಲಿಲ್ಲ ಎನ್ನುವಷ್ಟು ಸಹಜವಾಗಿ ಇರಲಿಲ್ಲ. ಅಪ್ಪ ಪ್ಯಾಂಟಿನ ದರ್ಜಿ. ಸೊಂಟ ಸರಿಯಾಗಿ ಕತ್ತರಿಸಿದ ಪ್ಯಾಂಟಿಗೆ ಬೆಲ್ಟು ಯಾಕೆ ಬೇಕು, ಬೆಲ್ಟು ಬೇಕಾಯ್ತು ಅಂದರೆ ದರ್ಜಿ ಸೋತ ಅಂತಲೇ ಅರ್ಥ ಎನ್ನುವುದು ಅವನ ಮಾತು. ಬೆಲ್ಟು ತೂರಿಸುವ ಪಟ್ಟಿ ಬೇಕು ಎಂದು ಹಟ ಮಾಡುವ ಗಿರಾಕಿಗೆ ಹೊಲಿದುಕೊಡುತ್ತಿದ್ದ, ಆದರೆ ಅಂಥವನ ಜೊತೆ ಆಮೇಲೆ ನೆಟ್ಟಗೆ ಮಾತಾಡುತ್ತಿರಲಿಲ್ಲ. ಮನೆಯವರ ಬಟ್ಟೆಗಂತೂ ಆ ಪಟ್ಟಿ ಇದ್ದದ್ದೇ ಇಲ್ಲ. ಅಪ್ಪನ ಕೈ ಮಗನ ಮೈಮೇಲೆ ಬಿದ್ದದ್ದೆಲ್ಲ ಅಳತೆಗೆ. ಹಬೆಯ ಇಸ್ತ್ರಿಯ ಬಿಸಿ ಹೊತ್ತ ಕೈ, ತಣ್ಣನೆಯ ಟೇಪು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳುವ 'ನೆಟ್ಟಗೆ ನಿಂತ್ಕೋ'. ಮೊಳೆಗೆ ಈಗ, ಬಸ್ಸಿನಲ್ಲಿ, ಆ ಸೂಜಿ ಕಚ್ಚಿದ ತುಟಿಗಳು ಕಂಡವು. ನಿಲ್ದಾಣ ಬಂದದ್ದು ಗೊತ್ತಾಗದೆ ಮುಂದಿನದರಲ್ಲಿ ಇಳಿದು ಹಿಂದಕ್ಕೆ ನಡೆದ.

ಅಂಗಡಿಯಲ್ಲಿ ಅಕ್ಕ ಯಾರದೋ ಕೋಟಿನ ತೋಳು ಮೊಟಕು ಮಾಡುತ್ತಿದ್ದಳು. ಅಪ್ಪನ ಕೈ ನಡುಗತೊಡಗಿದ ಮೇಲೆ ಅಂಗಡಿ ಅವಳದ್ದೇ. ಹಿಂದಿನ ಎರಡು ಕೋಣೆಗಳಲ್ಲಿ ಅಪ್ಪನೂ ಅವಳೂ ಇದ್ದಾರೆ. ತಮ್ಮ ಬಂದದ್ದಕ್ಕೆ ಅವಳು ಮೆಷಿನ್ ನಿಲ್ಲಿಸಲಿಲ್ಲ. ಕಾಲಿನಿಂದ ಸ್ಟೂಲನ್ನು ಇವನ ಕಡೆ ತಳ್ಳಿದಳು. ಸಿನಿಮಾದವರು ಇನ್ನೂ ಬಂದಿಲ್ಲವೆಂದೂ, ನಿನ್ನೆ ಬಂದು ಗೋಡೆಯ ಮೇಲೆ ಬೆಳಕು ಎಲ್ಲಿ ಬೀಳುತ್ತದೆ ಎಂದು ನೋಡಿಕೊಂಡು ಹೋದರೆಂದೂ, ಅಪ್ಪ ಅವರಿಗೆ ಚಹಾ ಕೊಡಿಸಿದನೆಂದೂ ಹೇಳಿದಳು. ಆಮೇಲೆ ದಾರವನ್ನು ಹಲ್ಲಿನಿಂದ ಕತ್ತರಿಸಿ ಇವನನ್ನು ನೋಡಿದಳು.

"ಅಪ್ಪನಿಗೆ ಪಾಠ ಹೇಳ್ಕೊಡೋಕೆ ಬಂದ್ಯಾ?"

ಹಾಗೇನಿಲ್ಲ ಎಂದ ಮೊಳೆ.

"ಹೇಳೋದಿದ್ರೆ ಈಗ್ಲೇ ಹೇಳ್ಬಿಡು. ಅವರ ಮುಂದೆ ಮುದುಕನ್ನ ತಡವರಿಸೋ ಹಾಗೆ ಮಾಡ್ಬೇಡ. ಊರಿಗೆಲ್ಲ ಉಪಕಾರ ಮಾಡ್ದೋನು ನೀನು, ಎಷ್ಟು ಜನ ನಿನ್ನ ಹಾಡು ಕೇಳಿ ಧೈರ್ಯ ತಗೊಂಡ್ರಂತೆ, ಆ ಹುಡುಗಿ ಹೇಳಿದ್ಲು. ಮನೆಗೆ ಮಾತ್ರ ಮಾರಿ."

ಅಪ್ಪ ಒಳಕೋಣೆಯ ಕಿಟಕಿಯ ಹತ್ತಿರ ಕೂತಿದ್ದ. ತೊಡೆಯ ಮೇಲೆ ಹಳೆಯ ಪ್ಯಾಂಟೊಂದನ್ನು ಹರಡಿಕೊಂಡು ಹೊಲಿಗೆ ಬಿಚ್ಚುತ್ತಿದ್ದ. ಹೊಲಿಯಲು ಆಗದ ಕೈಗೆ ಬಿಚ್ಚಲು ಆಗುತ್ತಿತ್ತು. ಕೊರಳಲ್ಲಿ ಟೇಪು ಇರಲಿಲ್ಲ, ಆದರೂ ಆಗಾಗ ಕೈ ಕೊರಳಿಗೆ ಹೋಗಿ ಅದನ್ನು ಹುಡುಕಿ ಬರುತ್ತಿತ್ತು. ಬಾ ಅಂದ. ಮೈ ಹೇಗಿದೆ ಅಂದ. ಇಳಿದುಹೋಗಿದ್ದೀಯ ಅಂದ. ಆ ಮಾತಿನ ಜೊತೆ ಅವನ ಕಣ್ಣು ಮಗನ ಸೊಂಟದ ಮೇಲೆ ಬಿದ್ದು, ಅಂಗಿಯ ಕೆಳಗಿನ ಉಬ್ಬಿನ ಮೇಲೆ ಒಂದು ಗಳಿಗೆ ನಿಂತು, ಮತ್ತೆ ಹೊಲಿಗೆಗೆ ಹೋಯಿತು. ಮೊಳೆ ಅಂಗಿಯ ತುದಿಯನ್ನು ಇನ್ನಷ್ಟು ಕೆಳಗೆಳೆದ. ಬಸ್ಸಿನಲ್ಲಿ ಕೂತ ಅಪರಿಚಿತನ ಅಂಗಿಯ ಗುಂಡಿ ಸಡಿಲವಾಗಿದ್ದರೂ ಕೈ ತುರಿಸುವ ಮನುಷ್ಯ ಇವನು. ಬಟ್ಟೆಯಲ್ಲಿ ಕೆಟ್ಟದ್ದು ಕಂಡರೆ ಕೇಳದೆಯೇ ಸರಿಮಾಡುವ ಈ ಚಾಳಿಯಿಂದಲೇ ಅಲ್ಲವೇ ಎಲ್ಲ ಆದದ್ದು. ಆವತ್ತು ತುಕ್ಕು ಮೊದಲ ಸಲ ದೊಡ್ಡ ಸಭಾಂಗಣದಲ್ಲಿ ಹಾಡುವುದಿತ್ತು. ವಾರವಿಡೀ ಕೂತು ಮೊಳೆ ತನ್ನ ಕಪ್ಪು ಪ್ಯಾಂಟನ್ನು ಬ್ಲೇಡಿನಿಂದ ಗೀರಿ, ಕಲ್ಲಿಗೆ ಉಜ್ಜಿ, ಮೊಣಕಾಲು ತೊಡೆಯೆಲ್ಲ ತೂತು ಮಾಡಿ, ಎಳೆ ಜೋಲುವ ಹಾಗೆ ಮಾಡಿದ್ದ. ಪಂಕ್ ಸಂಗೀತ ಅಂದರೆ ಅದೇ ಆಗಿತ್ತು. ಹಾಡು ಬರದಿದ್ದರೂ ನಡೆಯುತ್ತಿತ್ತು, ಬಟ್ಟೆ ಹರಿದಿರಬೇಕಿತ್ತು. ಮಧ್ಯಾಹ್ನ ಅದನ್ನು ಕುರ್ಚಿಗೆ ನೇತುಹಾಕಿ ಮಲಗಿದ. ಏಳುವ ಹೊತ್ತಿಗೆ ಬ್ಯಾಗು ಬಾಗಿಲ ಹತ್ತಿರ ಸಿದ್ಧವಾಗಿತ್ತು, ಬಟ್ಟೆ ಮಡಿಸಿ ಇಟ್ಟಿದೀನಿ ಅಂದ ಅಪ್ಪ. ಹೊರಗೆ ಡ್ರಮ್ಮಿನವನು ವ್ಯಾನಿನ ಹಾರ್ನು ಒತ್ತುತ್ತಿದ್ದ.

ಹಾಲಿನ ಹಿಂದಿನ ಕೋಣೆಯಲ್ಲಿ ಬ್ಯಾಗು ತೆರೆದರೆ ಪ್ಯಾಂಟಿನಲ್ಲಿ ಒಂದೇ ಒಂದು ತೂತು ಇರಲಿಲ್ಲ. ಅಪ್ಪ ಕಾಲಿನ ಒಳಮಡಿಕೆಯಿಂದ ಎಳೆ ತೆಗೆದು, ಒಂದೊಂದನ್ನೂ ತೂತಿನೊಳಗೆ ನೇಯ್ದು, ಹೊಲಿಗೆಯೇ ಗೊತ್ತಾಗದ ಹಾಗೆ ರಫೂ ಮಾಡಿದ್ದ. ಮೇಲೆ ಇಸ್ತ್ರಿ ಬೇರೆ. ಗೆರೆ ಚಾಕುವಿನ ಹಾಗೆ ನಿಂತಿತ್ತು. ಬ್ಲೇಡು ಮನೆಯಲ್ಲಿತ್ತು. ಕೈಯಿಂದ ಎಳೆದ, ಹಲ್ಲಿನಿಂದ ಕಚ್ಚಿದ, ಬಟ್ಟೆ ಜಪ್ಪಯ್ಯ ಅನ್ನಲಿಲ್ಲ. ಹೆಸರು ಕೂಗಿದರು. ವೇದಿಕೆಯ ಬೆಳಕಿನಲ್ಲಿ ನಿಂತಾಗ ಮುಂದಿನ ಸಾಲಿನಿಂದ ಯಾವನೋ, ಕೆಲಸದ ಸಂದರ್ಶನಕ್ಕೆ ಬಂದಿದೀಯೇನೋ ಎಂದು ಕೂಗಿದ. ಹಾಲಿಗೆ ಹಾಲೇ ನಕ್ಕಿತು. ಇನ್ನೊಬ್ಬ, ಅವನು ದರ್ಜಿ ಮಗ ಕಣ್ರೋ, ಅಪ್ಪ ರೆಡಿ ಮಾಡಿ ಕಳ್ಸಿದಾನೆ ಅಂದ. ಹಿಂದೆ ತಿರುಗಿದರೆ ಡ್ರಮ್ಮಿನವನೂ ನಗುತ್ತಿದ್ದ. ಆ ನಗುವಿಗೆ ಮೊಳೆಯ ಎದೆಯಲ್ಲಿ ಏನೋ ಕಿತ್ತುಕೊಂಡು ಬಂತು. ಮೈಕು ಹಿಡಿದು, ಹೌದು ಅಪ್ಪ ರೆಡಿ ಮಾಡ್ತಾನೆ, ಹೇಗೆ ಮಾಡ್ತಾನೆ ಗೊತ್ತಾ, ಬೆಲ್ಟಿನಲ್ಲಿ ಮಾಡ್ತಾನೆ ಎಂದು ಕಿರುಚಿದ. ಗಿಟಾರಿನ ಮೇಲೆ ಬೆರಳು ಎಲ್ಲೆಂದರಲ್ಲಿ ಬಿತ್ತು.

ಬೆಲ್ಟು ಬಿಚ್ಚು ಅಪ್ಪಾ, ಬೆಲ್ಟು ಬಿಚ್ಚು,
ಬೆನ್ನು ಇಲ್ಲಿದೆ, ಗೆರೆ ಎಣಿಸ್ಕೋ.

ನಗು ನಿಂತುಹೋಯಿತು. ಎರಡನೇ ಸಲ ಹಾಡುವ ಹೊತ್ತಿಗೆ ನಕ್ಕವರೇ ಕೈ ಮೇಲೆತ್ತಿ ಹಾಡುತ್ತಿದ್ದರು, ಕೆಲವರು ಅಳುತ್ತಿದ್ದರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಮರುದಿನ ಬೇರೆ ಹಾಡು ಹಾಡೋಣವೆಂದರೂ ಯಾರಿಗೂ ಬೇರೆ ಹಾಡು ಬೇಡವಾಗಿತ್ತು. ಇದು ನಿಜವೇ ಎಂದು ಪತ್ರಿಕೆಯವನು ಕೇಳಿದಾಗ ಹೂಂ ಅಂದ. ರೇಡಿಯೋದವಳು ಕೇಳಿದಾಗ ಎಷ್ಟು ವಯಸ್ಸಿನಿಂದ ಎಂದು ಕೂಡ ಹೇಳಿದ.

ಮೊಳೆ ಅಪ್ಪನ ಎದುರಿಗೆ ಮಂಚದ ತುದಿಯಲ್ಲಿ ಕೂತ. ಇವತ್ತು ಸೆಕೆ ಅಂದ. ಹೂಂ, ಸೆಕೆ ಅಂದ ಅಪ್ಪ. ಗೋಡೆಯ ಮೇಲೆ ಅಮ್ಮನ ಫೋಟೋ ಇತ್ತು, ತೋಳು ಮೊಣಕೈಗಿಂತ ಮೇಲೆಯೇ ಮುಗಿಯುವ ಬಟ್ಟೆಯಲ್ಲಿ. ಮೊಳೆ ಅದರ ಕಡೆ ನೋಡಬಾರದೆಂದುಕೊಂಡು ನೋಡಿದ. ಹಾಡು ಊರೆಲ್ಲ ಆದ ಮೇಲೆ ಒಂದು ದಿನ ತರಕಾರಿ ಅಂಗಡಿಯ ಮುಂದೆ ಯಾರೋ ಗುರುತಿಲ್ಲದ ಹೆಂಗಸು ಅಮ್ಮನ ಕೈ ಹಿಡಿದು, ನಿಮಗೂ ಹೊಡೀತಾರಾ ಎಂದು ಕೇಳಿದಳಂತೆ. ಅಮ್ಮ ಮನೆಗೆ ಬಂದು ಅದನ್ನು ನಗುತ್ತ ಹೇಳಿದಳಂತೆ, ಹೇಳುತ್ತ ಹೇಳುತ್ತ ನಗು ಬತ್ತಿತಂತೆ. ಆಮೇಲೆ ಚಳಿಯಲ್ಲೂ ತೋಳು ಕಾಣುವ ಬಟ್ಟೆ ಹಾಕಿಕೊಂಡೇ ಹೊರಗೆ ಹೋಗುತ್ತಿದ್ದಳು, ಕಲೆಯಿಲ್ಲದ ತೋಳನ್ನು ಎಲ್ಲರೂ ನೋಡಲಿ ಎಂದು. ನೋಡಿದವರು ಬೆನ್ನಿನ ಮೇಲೆ ಇರಬೇಕು ಎಂದುಕೊಂಡರು. ಅವಳು ಸತ್ತಾಗ ಹೆಗಲು ಮುಟ್ಟಿ, ಪಾಪ, ಅವಳಾದ್ರೂ ಬಿಡುಗಡೆ ಹೊಂದಿದ್ಲು ಅಂದವರ ಮುಂದೆ ಮೊಳೆ ತಲೆ ತಗ್ಗಿಸಿ ನಿಂತಿದ್ದ, ದುಃಖಕ್ಕೆ ತಗ್ಗಿಸಿದ ಹಾಗೆ. ಅಮ್ಮನ ತೋಳಿನ ಕಥೆಯನ್ನೆಲ್ಲ ಅಕ್ಕ ಹೇಳಿದ್ದು. ಅಪ್ಪ ಹಾಡಿನ ಬಗ್ಗೆ ಇವತ್ತಿನವರೆಗೂ ಒಂದಕ್ಷರ ಎತ್ತಿರಲಿಲ್ಲ. ಅಂಗಡಿಯ ರೇಡಿಯೋದಲ್ಲಿ ವಾರ್ತೆ ಮುಗಿದ ಕೂಡಲೇ ಆರಿಸುವ ಮನುಷ್ಯ. ಕೇಳಿಯೇ ಇರಲಿಕ್ಕಿಲ್ಲ, ಜನ ಏನೋ ಅಂದುಕೊಳ್ಳುತ್ತಾರೆ ಎಂದಷ್ಟೇ ತಿಳಿದಿರಬೇಕು. ಇಷ್ಟು ವರ್ಷ ಮೊಳೆಗೆ ನಿದ್ದೆ ಬರುತ್ತಿದ್ದದ್ದು ಆ ನಂಬಿಕೆಯ ಮೇಲೆ. ಅಪ್ಪಾ ಎಂದ. ಅಪ್ಪ ತಲೆ ಎತ್ತಿದ. ಬಿಸಿತುಪ್ಪ ಬಾಯಿಗೆ ಬಿದ್ದವನ ಹಾಗೆ ಮೊಳೆಗೆ ಮಾತು ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ಚಹಾ ಕುಡೀತೀಯಾ ಎಂದು ಕೇಳಿದ. ಈಗ ತಾನೆ ಆಯ್ತು ಅಂದ ಅಪ್ಪ. ಅಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿಸಿತು.

ಸಿನಿಮಾದವಳು, ಕ್ಯಾಮೆರಾದವನು, ಎರಡು ದೀಪ. ಅಂಗಡಿಯಲ್ಲಿ, ಕತ್ತರಿಸುವ ಮೇಜಿನ ಹಿಂದೆ ಅಪ್ಪನನ್ನು ಕೂರಿಸಿದರು. ಮೊಳೆಯನ್ನು ಇಸ್ತ್ರಿ ಮೇಜಿನ ಪಕ್ಕ ನಿಲ್ಲಿಸಿದರು, ಕ್ಯಾಮೆರಾದ ಹೊರಗೆ, ಅಪ್ಪನ ಕಣ್ಣಿಗೆ ಬೀಳುವ ಹಾಗೆ. ಅಕ್ಕ ಮೆಷಿನ್ ನಿಲ್ಲಿಸಿ ಎದೆಗೆ ಕೈಕಟ್ಟಿ ನಿಂತಳು. ಸಿನಿಮಾದವಳು ಹುಟ್ಟಿದ್ದು, ಕಸುಬು ಕಲಿತದ್ದು, ಮದುವೆ ಎಲ್ಲ ಕೇಳಿದಳು. ಅಪ್ಪ ಪ್ರತಿಯೊಂದಕ್ಕೂ ಬಟ್ಟೆ ಅಳೆದ ಹಾಗೆ ಬೇಕಾದಷ್ಟೇ ಉತ್ತರ ಕೊಟ್ಟ. ಆಮೇಲೆ ಅವಳು ದನಿ ತಗ್ಗಿಸಿ, ಆ ಹಾಡನ್ನು ಮೊದಲು ಎಲ್ಲಿ ಕೇಳಿದಿರಿ ಸರ್ ಎಂದಳು.

"ಅವನು ಮೊದಲ್ನೇ ಸಲ ಹಾಡಿದ ದಿನಾನೇ. ಹಾಲಿನಲ್ಲಿ. ಹಿಂದುಗಡೆ ಗೋಡೆ ಹತ್ರ ನಿಂತಿದ್ದೆ."

ಮೊಳೆಗೆ ಕಿವಿಯಲ್ಲಿ ಗುಂಯ್ ಎಂದಿತು. ಸ್ಪೀಕರಿನ ಹತ್ತಿರ ಮೈಕು ಹೋದಾಗ ಬರುವ ಸದ್ದು. ಯಾಕೆ ಹೋಗಿದ್ದಿರಿ ಎಂದು ಅವಳು ಕೇಳುವುದು ದೂರದಿಂದ ಕೇಳಿಸಿತು.

"ಪ್ಯಾಂಟು ಹೇಗೆ ಕೂತಿದೆ ಅಂತ ನೋಡೋಕೆ."

ಅವಳು ಅರ್ಥವಾಗದೆ ನಕ್ಕಳು. ಕೂತಿತ್ತಾ ಎಂದಳು. ಚೆನ್ನಾಗಿ ಕೂತಿತ್ತು ಅಂದ ಅಪ್ಪ. ಮೊಳೆ ಆ ಹಾಲನ್ನು ಮತ್ತೆ ನೋಡಿದ. ಮೇಲೆತ್ತಿದ ಕೈಗಳು, ಬೆವರು, ಅವುಗಳ ಹಿಂದೆ ಕತ್ತಲು. ಇಷ್ಟು ವರ್ಷ ಆ ಕತ್ತಲಲ್ಲಿ ಯಾರೂ ಇರಲಿಲ್ಲ. ಈಗ ಅಲ್ಲಿ ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಮನುಷ್ಯ, ಮಧ್ಯಾಹ್ನವೆಲ್ಲ ಎಳೆ ನೇಯ್ದು ಕಣ್ಣು ಕೆಂಪಾದವನು, ಕೈ ಮೇಲೆತ್ತದೆ ನಿಂತಿದ್ದ. ಮನೆಗೆ ಹೇಗೆ ಹೋದನೋ. ಬಸ್ಸು ಸಿಕ್ಕಿತೋ ಇಲ್ಲವೋ. ಮರುದಿನ ಬೆಳಿಗ್ಗೆ ಎದುರಿಗೆ ಕೂತು, ಕಾರ್ಯಕ್ರಮ ಹೇಗಾಯ್ತು ಎಂದು ಕೇಳಿದ್ದ. ಚೆನ್ನಾಗಾಯ್ತು ಅಂದಿದ್ದ ಮೊಳೆ.

"ಇದು ಕಷ್ಟದ ಪ್ರಶ್ನೆ, ಸರ್. ನೀವು ಅವರನ್ನ ಹೊಡೀತಿದ್ರಾ?"

ಅಪ್ಪ ಅವಳನ್ನು ನೋಡಲಿಲ್ಲ. ಮಗನನ್ನು ನೋಡಿದ. ಸಿಟ್ಟಿನ ನೋಟವಲ್ಲ, ಬಟ್ಟೆ ಹಾಸಿ, ಕತ್ತರಿ ಹಿಡಿದು, ಕತ್ತರಿಸಲೇ ಎಂದು ಗಿರಾಕಿಯನ್ನು ಕೊನೆಯ ಸಲ ಕೇಳುವಾಗ ನೋಡುತ್ತಿದ್ದ ಹಾಗೆ. ಮೊಳೆ ತಲೆಯನ್ನು ಒಂದು ಸಲ ಅಡ್ಡಡ್ಡ ಆಡಿಸಿದ್ದರೆ ಸಾಕಾಗಿತ್ತು. ಬಾಯಿಬಿಡಬೇಕಾಗಿರಲಿಲ್ಲ. ಅಕ್ಕನೂ ಅವನನ್ನೇ ನೋಡುತ್ತಿದ್ದಳು. ಅವನು ಇಸ್ತ್ರಿ ಪೆಟ್ಟಿಗೆಯ ವೈರನ್ನು ನೋಡಿದ, ಅದು ಸಿಕ್ಕುಬಿದ್ದಿತ್ತು, ಬಗ್ಗಿ ಅದನ್ನು ಸುತ್ತತೊಡಗಿದ.

"ಹೂಂ," ಅಂದ ಅಪ್ಪ. "ಹೊಡೀತಿದ್ದೆ."

"ಯಾಕೆ?"

"ಬಟ್ಟೆ ಹರ್ಕೊಂಡು ಬರ್ತಿದ್ದ."

ಸಿನಿಮಾದವಳು ಕಣ್ಣೊರೆಸಿಕೊಂಡಳು. ಅವಳ ಕಣ್ಣೀರು ನಿಜವಾದದ್ದು, ಅದನ್ನೇ ಮೊಳೆಗೆ ತಡೆಯಲಾಗಲಿಲ್ಲ. ಅವಳು ತನ್ನ ಅಪ್ಪನಿಂದ ಎಂದೂ ಸಿಗದ ಮಾತನ್ನು ಈ ಮುದುಕನ ಬಾಯಿಂದ ಪಡೆದಿದ್ದಳು, ಹೊಡೆಯದವನಿಂದ. ಈಗ ಹೇಳಿಬಿಡೋಣ, ಸುಳ್ಳು ಎಂದುಬಿಡೋಣ ಎಂದು ನೆಟ್ಟಗೆ ನಿಂತ. ಹೇಳಿದರೆ ಇವಳಿಗೂ ಮೋಸ ಮಾಡಿದ ಹಾಗಾಗುತ್ತದೆ ಎಂಬ ನೆಪ ಕಾಲಿನ ಬುಡದಲ್ಲೇ ಸಿಕ್ಕಿತು. ನೆಪಗಳಿಗೆ ಅವನಲ್ಲಿ ಎಂದೂ ಬರವಿರಲಿಲ್ಲ. ಅಷ್ಟರಲ್ಲಿ ಅವಳು ಕೊನೆಯದೊಂದು ಕೇಳಿದಳು. ಆ ಬೆಲ್ಟು ಇನ್ನೂ ಇದೆಯಾ ಸರ್?

ಅಕ್ಕ ಉಸಿರು ಬಿಟ್ಟದ್ದು ಕೇಳಿಸಿತು. ಅಪ್ಪನ ಕೈ ಒಂದು ಸಲ ಕೊರಳಿಗೆ ಹೋಗಿ ಬಂತು.

"ಇದೆ," ಅಂದ. "ಅವನೇ ಹಾಕ್ಕೊಂಡಿದಾನಲ್ಲ."

ಕ್ಯಾಮೆರಾ ತಿರುಗಿತು. ದೀಪ ತಿರುಗಿತು. ಅಯ್ಯೋ, ನೀವು ನನಗೆ ಹೇಳಲೇ ಇಲ್ಲವಲ್ಲ ಎಂದು ಸಿನಿಮಾದವಳು ಬಾಯಿಗೆ ಕೈ ಹಿಡಿದುಕೊಂಡಳು. ಬಿಚ್ಚಿ ಅವರ ಕೈಗೆ ಕೊಡ್ತೀರಾ, ನಿಧಾನವಾಗಿ, ಏನೂ ಮಾತಾಡಬೇಡಿ ಎಂದಳು. ಮೊಳೆ ಅಂಗಿ ಎತ್ತಿದ. ಫುಟ್‌ಪಾತಿನ ಬೆಲ್ಟು, ಬಿರುಕು ಬಿಟ್ಟ ರೆಕ್ಸಿನ್ನು, ಸುಟ್ಟ ತೂತು. ಕ್ಯಾಮೆರಾದವನು ಆ ತೂತಿನ ಹತ್ತಿರ ಬಂದು ತುಂಬ ಹೊತ್ತು ತೆಗೆದ. ಮೊಳೆ ಕೊಕ್ಕೆ ಬಿಡಿಸಿದ. ಎಳೆದು ತೆಗೆದು ಅಪ್ಪನಿಗೆ ಕೊಟ್ಟ. ಕೊಟ್ಟ ಕೂಡಲೇ ಪ್ಯಾಂಟು ಸೊಂಟದಿಂದ ಇಳಿಯತೊಡಗಿತು, ಮುಷ್ಟಿಯಲ್ಲಿ ಹಿಡಿದುಕೊಂಡ. ಅಪ್ಪ ಎದ್ದು ನಿಂತಿದ್ದ. ಎಂಬತ್ತರ ಹತ್ತಿರದ ಒಣಗಿದ ಮೈ, ಅದರ ಮೇಲೆ ಪಟ್ಟಿಯಿಲ್ಲದ ಬೂದು ಪ್ಯಾಂಟು ಕೂದಲೆಳೆಯಷ್ಟೂ ಆಚೀಚೆ ಆಗದೆ ಕೂತಿತ್ತು. ಹೊಡೆಯುವವರು ಬೆಲ್ಟನ್ನು ಹೇಗೆ ಹಿಡಿಯುತ್ತಾರೆ ಎಂದು ಅವನಿಗೆ ಗೊತ್ತಿರಲಿಲ್ಲ. ಒಂದು ಗಳಿಗೆ ಅಂಗೈಯಲ್ಲಿ ಉದ್ದಕ್ಕೆ ಇಟ್ಟುಕೊಂಡು ನೋಡಿದ. ಆಮೇಲೆ ಕೈ ತನಗೆ ಗೊತ್ತಿದ್ದದ್ದನ್ನು ಮಾಡಿತು: ಬೆಲ್ಟನ್ನು ಎತ್ತಿ ಟೇಪಿನ ಹಾಗೆ ಕೊರಳಿಗೆ ಹಾಕಿಕೊಂಡಿತು. ಎರಡು ತುದಿ ಎದೆಯ ಮೇಲೆ ಇಳಿಬಿದ್ದವು. ಕ್ಯಾಮೆರಾ ನಿಲ್ಲಿಸಲು ಸಿನಿಮಾದವಳು ಕೈ ಮಾಡಿದಳು.

ಅವರು ದೀಪ ಮಡಿಸಿ, ಅಪ್ಪನ ಕಾಲು ಮುಟ್ಟುವಷ್ಟು ಬಗ್ಗಿ ವಂದನೆ ಹೇಳಿ, ಮೊಳೆಯನ್ನು ಅಪ್ಪಿಕೊಂಡು ಹೊರಟರು. ಅಪ್ಪಿಕೊಳ್ಳುವಾಗ ಅವನಿಗೆ ಒಂದೇ ಕೈ ಇತ್ತು, ಇನ್ನೊಂದು ಪ್ಯಾಂಟು ಹಿಡಿದಿತ್ತು. ಅಂಗಡಿಯಲ್ಲಿ ಮೂವರೇ ಉಳಿದಾಗ ಅಕ್ಕ ತಮ್ಮನ ಮುಷ್ಟಿಯ ಕಡೆ ನೋಡಿ, ಒಳಗೆ ಹೋಗಿ ಬಿಚ್ಚಿಕೊಡು, ಸೊಂಟ ಎರಡು ಕಡೆ ಹಿಡಿದು ಹೊಲಿದು ಕೊಡ್ತೀನಿ, ಹೀಗೆ ಬೀದಿಯಲ್ಲಿ ಹೋಗೋಕಾಗತ್ತಾ ಎನ್ನುತ್ತ ಕಪ್ಪು ದಾರ ಹುಡುಕತೊಡಗಿದಳು. ಮೊಳೆಗೆ ಅಕ್ಕ ಬೇಡ, ಅಪ್ಪ ಅಳತೆ ತೆಗೆಯಲಿ ಎನ್ನಿಸಿತು. ಆ ತಣ್ಣನೆ ಟೇಪು ಸೊಂಟಕ್ಕೆ ತಗಲಲಿ, ನೆಟ್ಟಗೆ ನಿಂತ್ಕೋ ಅನ್ನಲಿ, ಆಗ ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡ.

"ಅಪ್ಪಾ, ನೀನೇ ಸ್ವಲ್ಪ ಅಳತೆ ನೋಡ್ತೀಯಾ?"

ಅಪ್ಪ ಬಟ್ಟೆ ನೋಡಿದ. ಜಾರಿದ ಸೊಂಟ, ನೆಲ ಗುಡಿಸುವ ಕಾಲು, ಹಿಂದೆ ಜೋತುಬಿದ್ದ ಸಡಿಲು, ಎಲ್ಲವನ್ನೂ ಕಸುಬುದಾರನ ಕಣ್ಣಿನಿಂದ ಒಂದು ಸುತ್ತು ನೋಡಿದ. ಕೈ ಒಂದಿಷ್ಟು ಮುಂದಕ್ಕೂ ಬಂತು. ಅದನ್ನು ಹಿಂದಕ್ಕೆ ತೆಗೆದುಕೊಂಡು ಕುರ್ಚಿಯ ಬೆನ್ನು ಹಿಡಿದ.

"ದಾರ ಒಳಗಿಡಮ್ಮಾ," ಅಂದ ಮಗಳಿಗೆ. "ಇವನ ಪ್ಯಾಂಟಿಗೆ ಈ ಮನೆಯವರು ಸೂಜಿ ಹಾಕೋದು ಬೇಡ. ಒಂದ್ಸಲ ಹಾಕಿದ್ದಕ್ಕೇ ಇಷ್ಟಾಯ್ತು."

ಮೊಳೆ ಬೆಲ್ಟಿಗೆ ಕೈ ನೀಡಿದ. ಅದು ಅಪ್ಪನ ಕೊರಳಲ್ಲೇ ಇತ್ತು.

"ಇದು ಇಲ್ಲೇ ಇರ್ಲಿ. ಯಾರಾದ್ರೂ ನೋಡೋಕೆ ಬರ್ತಾರೆ. ಬಂದಾಗ ಬೆಲ್ಟೇ ಮನೇಲಿ ಇಲ್ಲ ಅಂದ್ರೆ ಚೆನ್ನಾಗಿರಲ್ಲ."

ಹಾಗೆಂದು ಅಪ್ಪ ಒಳಕೋಣೆಗೆ ಹೋದ. ಕಿಟಕಿಯ ಹತ್ತಿರ ಕೂತು, ಬಿಟ್ಟಿದ್ದ ಹೊಲಿಗೆಯನ್ನು ಹುಡುಕಿ, ಬಿಚ್ಚುವುದನ್ನು ಮುಂದುವರಿಸಿದ. ಅಕ್ಕ ಮೆಷಿನ್ನಿಗೆ ಕಾಲು ಕೊಟ್ಟಳು. ಮೊಳೆ ಅಂಗಿಯನ್ನು ಮುಷ್ಟಿಯ ಮೇಲೆ ಎಳೆದುಕೊಂಡು ಬೀದಿಗಿಳಿದ. ಬಸ್ಸು ಬಂದಾಗ ಮೇಲಿನ ಸರಳು ಹಿಡಿಯಲು ಒಂದು ಕೈ ಬೇಕಿತ್ತು, ಟಿಕೆಟ್ಟಿಗೆ ಇನ್ನೊಂದು. ಎರಡು ಬಸ್ಸುಗಳನ್ನು ಬಿಟ್ಟು, ಅವನು ನಡೆದೇ ಹೊರಟ.